ಬೆನ್ನ ಹಿಂದಿನ ಮಾತಿನಲ್ಲಿ ಕೇಳುವವರ ಪಾಲು

ಪ್ರಶ್ನೆ: ಆರು ತಿಂಗಳ ಹಿಂದೆ ಹೊಸ ಕಚೇರಿಗೆ ಸೇರಿದೆ. ಇಲ್ಲಿ ಬಿಡುವು ಸಿಕ್ಕಾಗಲೆಲ್ಲ ಎದುರಿಗಿಲ್ಲದವರ ವಿಚಾರವೇ ಮಾತಿಗೆ ಬರುತ್ತದೆ. ಊರ ಉಸಾಬರಿ ನನಗೇಕೆಂದು ದೂರವೇ ಉಳಿದೆ. ಈಗ ನಾನು ಹತ್ತಿರ ಹೋದರೆ ಮಾತು ನಿಂತುಬಿಡುತ್ತದೆ, ಕಚೇರಿಯಲ್ಲಿ ಏನೇ ನಡೆದರೂ ನನಗೆ ಕೊನೆಗೆ ತಿಳಿಯುತ್ತದೆ. ಇದರ ನಡುವೆ, ಹಿರಿಯ ಸಹೋದ್ಯೋಗಿಯೊಬ್ಬರು ಕೆಲಸ ಬಿಡುತ್ತಾರಂತೆ ಎಂಬ ಮಾತು ಅವರ ಕಿವಿಗೆ ಬೀಳದೆ ಉಳಿದವರೆಲ್ಲರ ಬಾಯಲ್ಲಿ ಓಡಾಡುತ್ತಿದೆ. ಇಂಥ ಹರಟೆಗೆ, ಆಡಿಕೊಳ್ಳುವುದಕ್ಕೆ ಸಮಾಜದಲ್ಲಿ ನಿಜಕ್ಕೂ ಏನಾದರೂ ಕೆಲಸವಿದೆಯೇ, ಇಲ್ಲವೇ ಇದು ಬರಿಯ ಕೆಟ್ಟ ಚಟವೇ? ಆ ಹಿರಿಯರಿಗೆ ನಾನು ವಿಷಯ ತಿಳಿಸಬೇಕೇ?

ಉತ್ತರ: ನೀವು ಹರಟೆ ಮತ್ತು ಆಡಿಕೊಳ್ಳುವುದು ಎಂಬ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದೀರಿ, ಆದರೆ ಕನ್ನಡ ಇವನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ಹೊತ್ತು ಕಳೆಯಲು ಆಡುವುದು ಹರಟೆ. ಒಬ್ಬರನ್ನು ನಗೆಪಾಟಲು ಮಾಡುವುದು ಆಡಿಕೊಳ್ಳುವುದು. ಒಬ್ಬರ ಮೇಲಿನ ದೂರನ್ನು ಸ್ವಂತ ಲಾಭಕ್ಕಾಗಿ ಅಧಿಕಾರ ಉಳ್ಳವರ ಕಿವಿಗೆ ಹಾಕುವುದು ಚಾಡಿ. ಯಾರು ಮೊದಲು ಹೇಳಿದರೆಂದು ಗೊತ್ತಿಲ್ಲದೆ ಹಬ್ಬುವುದು ಗಾಳಿಮಾತು. ಸಂಶೋಧಕರು ಇವಕ್ಕೆಲ್ಲ ಸೇರಿಸಿ ಹೆಚ್ಚುಕಡಿಮೆ ಒಂದೇ ವ್ಯಾಖ್ಯೆ ಕೊಡುತ್ತಾರೆ: ಸ್ಥಳದಲ್ಲಿ ಇಲ್ಲದ ವ್ಯಕ್ತಿಯ ಕುರಿತು ಇಬ್ಬರು ಅಥವಾ ಹೆಚ್ಚು ಜನ ಆಡುವ ಮಾತು. ಈ ವ್ಯಾಖ್ಯೆ ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪನ್ನು ಮೊದಲೇ ಕೊಡುವುದಿಲ್ಲ ಎಂಬುದೇ ಅದರ ಅನುಕೂಲ. ‘ಅವರ ಮಗಳಿಗೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದೆಯಂತೆ’ ಎಂಬುದೂ ಅದರೊಳಗೆ ಬರುತ್ತದೆ, ‘ಅವರು ಕೆಲಸ ಕದಿಯುತ್ತಾರೆ’ ಎಂಬುದೂ ಬರುತ್ತದೆ. ಮುಂದೆ ನಾನು ‘ಬೆನ್ನ ಹಿಂದಿನ ಮಾತು’ ಎನ್ನುವಾಗ ಈ ವಿಶಾಲ ಅರ್ಥವನ್ನೇ ಹಿಡಿದಿದ್ದೇನೆ.

ಇದು ಕೆಲವರ ಚಟವೇ ಎಂಬ ನಿಮ್ಮ ಶಂಕೆಗೆ ಒಂದು ಅಧ್ಯಯನ ನೇರವಾಗಿ ಉತ್ತರ ಕೊಡುತ್ತದೆ. ಅಮೆರಿಕದ ಮೇಗನ್ ರಾಬಿನ್ಸ್ ಮತ್ತು ಅಲೆಕ್ಸಾಂಡರ್ ಕರಾನ್ ಎಂಬ ಮನೋವಿಜ್ಞಾನಿಗಳು 467 ಜನರ ದಿನನಿತ್ಯದ ಮಾತನ್ನು, ಅವರು ಮೈಮೇಲೆ ಧರಿಸಿದ್ದ ಸಣ್ಣ ಧ್ವನಿಮುದ್ರಣ ಸಾಧನದ ಮೂಲಕ ತುಣುಕು ತುಣುಕಾಗಿ ಸಂಗ್ರಹಿಸಿ, 2019ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಎಚ್ಚರವಿರುವ ಹದಿನಾರು ಗಂಟೆಗಳಲ್ಲಿ ಸರಾಸರಿ 52 ನಿಮಿಷ ಎದುರಿಗಿಲ್ಲದವರ ಬಗ್ಗೆ ಮಾತು ನಡೆಯುತ್ತಿತ್ತು. ಅದರಲ್ಲಿ ಸುಮಾರು ನಾಲ್ಕನೇ ಮೂರು ಪಾಲು ಹೊಗಳಿಕೆಯೂ ಅಲ್ಲ ತೆಗಳಿಕೆಯೂ ಅಲ್ಲ, ಬರಿಯ ಸುದ್ದಿ. ತೆಗಳಿಕೆ ಶೇಕಡಾ 15ರಷ್ಟು, ಹೊಗಳಿಕೆ ಶೇಕಡಾ 9ರಷ್ಟು. ಹೆಂಗಸರು ಹೆಚ್ಚು ಆಡಿಕೊಳ್ಳುತ್ತಾರೆಂಬ ಹಳೆಯ ಮಾತಿಗೂ ಇಲ್ಲಿ ಸಾಕ್ಷಿ ಸಿಗಲಿಲ್ಲ: ಅವರ ಮಾತಿನಲ್ಲಿ ಹೆಚ್ಚಿದ್ದದ್ದು ಆ ಬರಿಯ ಸುದ್ದಿ, ತೆಗಳಿಕೆಯಲ್ಲಿ ಗಂಡಸರು ಹಿಂದೆ ಬಿದ್ದಿರಲಿಲ್ಲ. ರಾಬಿನ್ ಡನ್‌ಬಾರ್ ಮತ್ತವರ ಸಂಗಡಿಗರು 1990ರ ದಶಕದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಸ್ಥಳಗಳಲ್ಲಿ ಜನರ ಸಂಭಾಷಣೆಗೆ ಕಿವಿಗೊಟ್ಟಾಗ, ಅದರ ಮೂರನೇ ಎರಡರಷ್ಟು ಹೊತ್ತು ಹೋಗುತ್ತಿದ್ದದ್ದು ಜನರ, ಸಂಬಂಧಗಳ ವಿಚಾರಕ್ಕೆ. ಕೋತಿ ವಾನರಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕಿ ನೇವರಿಸುತ್ತಾ ಸ್ನೇಹ ಉಳಿಸಿಕೊಳ್ಳುತ್ತವೆ. ಗುಂಪು ದೊಡ್ಡದಾದಂತೆ ಅಷ್ಟು ಹೊತ್ತು ಹೊಂದಿಸುವುದು ಕಷ್ಟವಾಗಿ, ಏಕಕಾಲಕ್ಕೆ ಹಲವರನ್ನು ತಲುಪಬಲ್ಲ ಮಾತು ಮನುಷ್ಯರಲ್ಲಿ ಆ ಜಾಗಕ್ಕೆ ಬಂತು ಎಂಬುದು ಡನ್‌ಬಾರ್ ಅವರ ವಾದ. ಭಾಷೆಯ ಹುಟ್ಟನ್ನೇ ಇದರಿಂದ ವಿವರಿಸುವುದು ನನಗೆ ತುಸು ಅತಿಯೆನಿಸುತ್ತದೆ. ಆದರೂ ಮಾತಿನ ಒಂದು ದೊಡ್ಡ ಪಾಲು ಮೈ ನೇವರಿಸುವ ಕೆಲಸವನ್ನೇ ಮಾಡುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ನೀವು ಹತ್ತಿರ ಬಂದೊಡನೆ ಮಾತು ನಿಲ್ಲುವುದೇಕೆ ಎಂಬುದಕ್ಕೆ ಹೆಚ್ಚು ತೃಪ್ತಿಕರವಾದ ವಿವರಣೆ ಸಿಗುವುದು ಮಾನವಶಾಸ್ತ್ರದಲ್ಲಿ. ಮ್ಯಾಕ್ಸ್ ಗ್ಲಕ್‌ಮನ್ 1963ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯದ ಅಧ್ಯಯನಕ್ಕೆ ತಳಹದಿ ಹಾಕಿತು. ಅವರು ಆಧಾರವಾಗಿ ಇಟ್ಟುಕೊಂಡ ಉದಾಹರಣೆಗಳಲ್ಲಿ ಒಂದು, ಅಮೆರಿಕದ ವಾಯವ್ಯ ಕರಾವಳಿಯ ಮಕಾ ಎಂಬ ಮೂಲನಿವಾಸಿ ಸಮುದಾಯ. ಅಲ್ಲಿ ಕ್ಷೇತ್ರಕಾರ್ಯ ಮಾಡಿದ ಎಲಿಜಬೆತ್ ಕೋಲ್ಸನ್ ಕಂಡದ್ದು ಸದಾ ಒಬ್ಬರನ್ನೊಬ್ಬರು ಹಳಿಯುವ ಜನರನ್ನು: ಇವರ ಮನೆತನ ಕೀಳು, ಅವರ ಪೂರ್ವಜರು ಹೀಗಿದ್ದರು, ಇನ್ನೊಬ್ಬರಿಗೆ ರೀತಿನೀತಿ ಗೊತ್ತಿಲ್ಲ. ಮೇಲುನೋಟಕ್ಕೆ ಇದು ಒಡೆದುಹೋಗುತ್ತಿರುವ ಸಮುದಾಯ. ಗ್ಲಕ್‌ಮನ್ ಇದನ್ನು ತಿರುವಿ ಓದಿದರು. ಹಾಗೆ ಹಳಿಯಬೇಕಾದರೆ ಎಲ್ಲರ ವಂಶಾವಳಿ ಬಾಯಿಪಾಠವಾಗಿರಬೇಕು, ಹಳೆಯ ಜಗಳಗಳು ನೆನಪಿರಬೇಕು, ಸರಿಯಾದ ನಡತೆ ಯಾವುದೆಂಬ ಬಗ್ಗೆ ಒಮ್ಮತವಿರಬೇಕು. ಇವೆಲ್ಲ ಒಳಗಿನವರಿಗಷ್ಟೇ ಸಾಧ್ಯ. ಆದ್ದರಿಂದ ಒಬ್ಬರ ಬಗ್ಗೆ ಆಡಿಕೊಳ್ಳುವ ಹಕ್ಕು ಸದಸ್ಯತ್ವದ ಗುರುತು, ಹೊರಗಿನವರಿಗೆ ಅದು ದಕ್ಕುವುದಿಲ್ಲ. ಮನೆಯವರನ್ನು ನಾವು ಬೈಯಬಹುದು, ಪಕ್ಕದವರು ಬೈದರೆ ಸಿಟ್ಟು ಬರುತ್ತದೆಯಲ್ಲವೇ, ಅದೇ ನಿಯಮ ಇದು.

ಈ ದೃಷ್ಟಿಯಿಂದ ನಿಮ್ಮ ಮೌನವನ್ನು ನೋಡಿ. ನೀವು ಅದನ್ನು ಸಭ್ಯತೆಯೆಂದು ಭಾವಿಸಿದಿರಿ. ಆಚೆ ಕುಳಿತವರಿಗೆ ಅದು ‘ನಾನು ನಿಮ್ಮವನಲ್ಲ’ ಎಂದು ಕೇಳಿಸಿರಬಹುದು, ಇಲ್ಲವೇ ‘ನಾನು ಕೇಳಿಸಿಕೊಳ್ಳುತ್ತೇನೆ, ಆದರೆ ನನ್ನದೇನನ್ನೂ ಬಿಟ್ಟುಕೊಡುವುದಿಲ್ಲ’ ಎಂದು. ಎರಡನೆಯದು ಹೆಚ್ಚು ಅಪಾಯದ್ದು. ಬೆನ್ನ ಹಿಂದಿನ ಮಾತು ಕೈಗಡದ ಹಾಗೆ: ಆಡಿದವರು ತಮ್ಮ ಮರ್ಯಾದೆಯ ಒಂದು ತುಣುಕನ್ನು ನಿಮ್ಮ ಕೈಯಲ್ಲಿ ಇಡುತ್ತಾರೆ, ಏಕೆಂದರೆ ಅವರು ಹಾಗೆ ಹೇಳಿದರೆಂದು ನೀವು ಹೊರಗೆ ಹೇಳಿಬಿಡಬಹುದು. ಬರಿಯ ಕೇಳುಗನಾಗಿ ಕೂತವನ ಸಾಲ ಬೆಳೆಯುತ್ತಲೇ ಹೋಗುತ್ತದೆ, ತೀರುವುದಿಲ್ಲ. ಅಂಥವನು ಬಂದಾಗ ಮಾತು ನಿಲ್ಲಿಸುವುದು ಹಗೆತನವಲ್ಲ, ಮುಂಜಾಗ್ರತೆ.

ಕೆಲಸದ ಜಾಗದ ಹರಟೆಯ ಬಗ್ಗೆ ನನಗೆ ಬಹಳ ಇಷ್ಟವಾದ ಅಧ್ಯಯನವೊಂದಿದೆ. ಕೆವಿನ್ ನಿಫಿನ್ ಮತ್ತು ಡೇವಿಡ್ ಸ್ಲೋನ್ ವಿಲ್ಸನ್ 2005ರಲ್ಲಿ ಪ್ರಕಟಿಸಿದ ಈ ಅಧ್ಯಯನದ ವಸ್ತು ಕಾಲೇಜೊಂದರ ದೋಣಿ ಹುಟ್ಟುಹಾಕುವ ತಂಡ. ಈ ಆಟದಲ್ಲಿ ಒಬ್ಬ ಬೆಳಗಿನ ಅಭ್ಯಾಸಕ್ಕೆ ಬಾರದಿದ್ದರೆ ಇಡೀ ದೋಣಿ ನೀರಿಗಿಳಿಯುವುದಿಲ್ಲ. ಒಬ್ಬ ಮೈಗಳ್ಳನಾದರೆ ಉಳಿದವರ ತೋಳು ನೋಯುತ್ತದೆ. ಆ ತಂಡದಲ್ಲೊಬ್ಬ ಹಾಗಿದ್ದ, ಮತ್ತು ತಂಡದ ಕಹಿಮಾತೆಲ್ಲ ಅವನ ಸುತ್ತಲೇ ಸುತ್ತುತ್ತಿತ್ತು. ಅವನು ತಂಡ ಬಿಟ್ಟ ಮೇಲೆ ಅಂಥ ಮಾತು ಇನ್ನೊಬ್ಬನನ್ನು ಹುಡುಕಿಕೊಂಡು ಹೋಗಲಿಲ್ಲ. ಚಟವಾಗಿದ್ದರೆ ಹೋಗಬೇಕಿತ್ತು. ಅಲ್ಲಿ ಜನ ಆಡಿಕೊಂಡದ್ದು ನಾಲಗೆಯ ತೀಟೆಗಲ್ಲ, ಹಂಚಿಕೊಂಡ ಹೊರೆಯನ್ನು ಒಬ್ಬ ಕೆಳಗಿಟ್ಟದ್ದಕ್ಕೆ. ನಿಮ್ಮ ಕಚೇರಿಯ ಮಾತು ಯಾವುದರ ಸುತ್ತ ಸುತ್ತುತ್ತದೆ ಎಂಬುದನ್ನು ಗಮನಿಸಿದರೆ, ಅಲ್ಲಿ ಲಿಖಿತ ನಿಯಮಾವಳಿಯಲ್ಲಿಲ್ಲದ ಯಾವ ನಿಯಮವನ್ನು ಜನ ನಿಜವಾಗಿ ಪಾಲಿಸುತ್ತಾರೆಂಬುದು ನಿಮಗೆ ತಿಳಿದುಬಿಡುತ್ತದೆ.

ಇದನ್ನೇ ವಿಧಾನವಾಗಿ ಬಳಸಿಕೊಂಡವರು ಜಾನ್ ಹ್ಯಾವಿಲ್ಯಾಂಡ್. ಮೆಕ್ಸಿಕೊದ ಸಿನಾಕಾಂತಾನ್ ಎಂಬಲ್ಲಿನ ಮಾಯಾ ಜನರ ನಡುವೆ ಅವರು ಕೆಲವರನ್ನು ಕೂಡಿಸಿ, ಊರಿನವರ ಹೆಸರುಗಳನ್ನು ಒಂದೊಂದಾಗಿ ಮುಂದಿಟ್ಟು, ಇವರ ಬಗ್ಗೆ ಏನು ಗೊತ್ತೆಂದು ಕೇಳುತ್ತಾ ಹೋದರು. ನಿಯಮವೇನೆಂದು ನೇರವಾಗಿ ಕೇಳಿದರೆ ಜನ ಶುಷ್ಕವಾದ ಒಂದು ವಾಕ್ಯ ಹೇಳುತ್ತಾರೆ. ಇಂಥವನು ಆ ನಿಯಮ ಮುರಿದನಲ್ಲ ಎಂದು ತೆಗೆದರೆ ವಿನಾಯಿತಿಗಳು, ನೆಪಗಳು, ಯಾರು ಮುರಿದರೆ ನಡೆಯುತ್ತದೆ ಯಾರು ಮುರಿದರೆ ನಡೆಯುವುದಿಲ್ಲ ಎಂಬ ಲೆಕ್ಕಗಳು ಎಲ್ಲವೂ ಹೊರಬರುತ್ತವೆ. ಸಂಸ್ಕೃತಿ ಎಂದು ನಾವು ಕರೆಯುವುದರ ಬಹುಪಾಲು ಹೀಗೆ ಒಂದೊಂದು ಪ್ರಕರಣದ ಮೇಲೆ ನಡೆಯುವ ಜಿಜ್ಞಾಸೆಯಲ್ಲೇ ಇರುತ್ತದೆ. ಮಕ್ಕಳೂ ನಡತೆಯನ್ನು ಉಪದೇಶದಿಂದ ಕಲಿಯುವುದಕ್ಕಿಂತ, ದೊಡ್ಡವರು ಇನ್ನೊಬ್ಬರ ವಿಚಾರ ಮಾತಾಡುವಾಗ ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡೇ ಹೆಚ್ಚು ಕಲಿಯುತ್ತಾರೆ ಎಂದು ನಾನು ನಂಬುತ್ತೇನೆ. ಪಾಲಿ ವೀಸ್ನರ್ ಅವರು ಆಫ್ರಿಕಾ ಖಂಡದ ದಕ್ಷಿಣ ಭಾಗದ ಜುಹೋವಾನ್ಸಿ ಬೇಟೆಗಾರ ಸಮುದಾಯದ ಸಂಭಾಷಣೆಗಳನ್ನು ವಿಂಗಡಿಸಿ 2014ರಲ್ಲಿ ತೋರಿಸಿದ ವಿಷಯವೂ ಇಲ್ಲಿ ನೆನಪಾಗುತ್ತದೆ: ಹಗಲಿನ ಮಾತಿನಲ್ಲಿ ಸುಮಾರು ಮೂರನೇ ಒಂದು ಪಾಲು ಇತರರ ಮೇಲಿನ ದೂರು, ಟೀಕೆ; ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಅದು ತೀರಾ ಕಡಿಮೆಯಾಗಿ, ಮಾತಿನ ಶೇಕಡಾ 81ರಷ್ಟನ್ನು ಕತೆಗಳು ಆವರಿಸುತ್ತಿದ್ದವು.

ಅಪರಿಚಿತರ ನಡುವಿನ ವ್ಯವಹಾರದಲ್ಲಿ ಈ ಮಾತಿಗೆ ಇನ್ನೊಂದು ಕೆಲಸವಿದೆ. ಹನ್ನೊಂದನೇ ಶತಮಾನದಲ್ಲಿ ಮೆಡಿಟರೇನಿಯನ್ ಸುತ್ತ ವ್ಯಾಪಾರ ಮಾಡುತ್ತಿದ್ದ ಮಘ್ರಿಬಿ, ಅಂದರೆ ಉತ್ತರ ಆಫ್ರಿಕಾ ಮೂಲದ, ಯಹೂದಿ ವರ್ತಕರ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಸರಕಿನ ದರದ ಪಕ್ಕದಲ್ಲೇ ಯಾವ ಊರಿನ ಯಾವ ಪ್ರತಿನಿಧಿ ಹೇಗೆ ನಡೆದುಕೊಂಡ ಎಂಬ ಮಾತೂ ಇರುತ್ತದೆ. ಸಮುದ್ರದಾಚೆ ಕಳುಹಿಸಿದ ಸರಕಿಗೆ ಮೋಸವಾದರೆ ಎಲ್ಲ ಸಲವೂ ನ್ಯಾಯಾಲಯವನ್ನು ನೆಚ್ಚಿ ಕೂರಲಾಗದ ಕಾಲದಲ್ಲಿ, ಹೆಸರು ಕೆಡುತ್ತದೆಂಬ ಭಯ ಎಷ್ಟರಮಟ್ಟಿಗೆ ವ್ಯಾಪಾರವನ್ನು ಕಾಯುತ್ತಿತ್ತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ಅದು ವರ್ತಕರ ಲೆಕ್ಕಾಚಾರದ ಭಾಗವಾಗಿತ್ತು ಎಂಬುದಕ್ಕೆ ಮಾತ್ರ ಆ ಪತ್ರಗಳೇ ಸಾಕ್ಷಿ. 2012ರಲ್ಲಿ ಮ್ಯಾಥ್ಯೂ ಫೈನ್‌ಬರ್ಗ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ, ಆಟದಲ್ಲಿ ಒಬ್ಬ ಮೋಸ ಮಾಡುವುದನ್ನು ಕಂಡವರ ಎದೆಬಡಿತ ಏರಿತು, ಮುಂದೆ ಅವನೊಡನೆ ಆಡಬೇಕಾದವರಿಗೆ ಒಂದು ಚೀಟಿ ಬರೆದು ಎಚ್ಚರಿಸಲು ಅವಕಾಶ ಸಿಕ್ಕಾಗ ಆ ತಳಮಳ ತಗ್ಗಿತು. ‘ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ’ ಎಂದು ನಾವು ತಮಾಷೆಗೆ ಹೇಳುವುದರಲ್ಲಿ ಅಷ್ಟಾದರೂ ನಿಜವಿದೆ.

ಬಾಯಿಬಿಟ್ಟು ದೂರಲಾರದವರಿಗೆ ಈ ಮಾತು ಎಂಥ ಆಸರೆ ಎಂಬುದನ್ನು ಮರೆತು ಇದನ್ನು ಹಳಿಯುವವರನ್ನು ಕಂಡರೆ ನನಗೆ ಸ್ವಲ್ಪ ಅಸಹನೆಯಾಗುತ್ತದೆ. ರಾಜ್ಯಶಾಸ್ತ್ರಜ್ಞ ಜೇಮ್ಸ್ ಸ್ಕಾಟ್ ಅಧ್ಯಯನಕ್ಕಾಗಿ 1970ರ ದಶಕದ ಕೊನೆಯಲ್ಲಿ ಮಲೇಷ್ಯಾದ ಭತ್ತ ಬೆಳೆಯುವ ಹಳ್ಳಿಯೊಂದರಲ್ಲಿದ್ದಾಗ, ಬಡವರು ಜಮೀನುದಾರರಿಗೆ ಎದುರಾಡುತ್ತಿರಲಿಲ್ಲ, ಆದರೆ ಅವರ ಜಿಪುಣತನದ ಕತೆಗಳನ್ನು ಎಡೆಬಿಡದೆ ಹೇಳುತ್ತಿದ್ದರು. ಆ ಕತೆಗಳ ಹಿಂದೆ ಉಳ್ಳವರು ದಾನ ಮಾಡಬೇಕು, ಕಷ್ಟಕ್ಕೆ ಆಗಬೇಕು ಎಂಬ ಹಳೆಯ ಕಟ್ಟಳೆಯಿತ್ತು. ಕತೆ ಹೇಳುವುದೆಂದರೆ ಆ ಕಟ್ಟಳೆಯನ್ನು ಸಾಯಗೊಡದಿರುವುದು. ಯಾವ ಮೇಲಧಿಕಾರಿಯ ಕೋಣೆಗೆ ಒಬ್ಬಳೇ ಹೋಗಬಾರದೆಂದು ಹೊಸದಾಗಿ ಸೇರಿದವಳಿಗೆ ಹಳಬಳೊಬ್ಬಳು ಮೆಲ್ಲಗೆ ಹೇಳುವ ಮಾತೂ ವ್ಯಾಖ್ಯೆಯ ಪ್ರಕಾರ ಬೆನ್ನ ಹಿಂದಿನ ಮಾತೇ. ಅಧಿಕಾರದಲ್ಲಿರುವವರಿಗೆ ಇದರ ಶಕ್ತಿ ಚೆನ್ನಾಗಿ ಗೊತ್ತಿತ್ತು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡುಗಳಲ್ಲಿ ಹದಿನಾರು ಹದಿನೇಳನೇ ಶತಮಾನಗಳಲ್ಲಿ, ಬಾಯಿಬಡುಕಿ ಎನಿಸಿಕೊಂಡ ಹೆಂಗಸರ ತಲೆಗೆ ಕಬ್ಬಿಣದ ಚೌಕಟ್ಟು ತೊಡಿಸಿ, ನಾಲಗೆಯನ್ನು ಅದುಮಿಡುವ ಪಟ್ಟಿಯನ್ನು ಬಾಯೊಳಗೆ ಸಿಕ್ಕಿಸಿ ಬೀದಿಯಲ್ಲಿ ನಡೆಸುತ್ತಿದ್ದರು. ಇಂಗ್ಲಿಷಿನ ‘ಗಾಸಿಪ್’ ಎಂಬ ಪದವೂ ಮೊದಲಿಗೆ ಮಗುವಿನ ಜ್ಞಾನಸ್ನಾನಕ್ಕೆ ನಿಲ್ಲುವ ಧರ್ಮಬಂಧುವನ್ನು ಸೂಚಿಸುತ್ತಿತ್ತು, ಆಮೇಲೆ ಹೆರಿಗೆಯ ಕೋಣೆಯಲ್ಲಿ ಸೇರುವ ಗೆಳತಿಯರನ್ನು. ಆ ಕೋಣೆಯ ಹೊರಗಿದ್ದವರ ಅನುಮಾನವೇ ಪದದ ಅರ್ಥವನ್ನು ಕೆಳಗೆ ಎಳೆದಿರಬೇಕೆಂದು ನನ್ನ ಊಹೆ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಇದರ ಪರ ವಕೀಲಿಕೆ ವಹಿಸಿದ್ದೇನೆಂದು ನಿಮಗೆ ಅನಿಸಬಹುದು. ಗ್ಲಕ್‌ಮನ್ ಅವರಿಗೆ 1967ರಲ್ಲಿ ರಾಬರ್ಟ್ ಪೇನ್ ಕೊಟ್ಟ ಉತ್ತರವನ್ನು ಹಾಗಾಗಿ ಪಕ್ಕದಲ್ಲೇ ಇಡಬೇಕು. ಗುಂಪು ಮಾತಾಡುವುದಿಲ್ಲ, ಮನುಷ್ಯರು ಮಾತಾಡುತ್ತಾರೆ, ಮತ್ತು ಅವರು ಮಾತಾಡುವುದು ತಮ್ಮ ತಮ್ಮ ಲಾಭಕ್ಕೆ ಎಂದು ಪೇನ್ ವಾದಿಸಿದರು. ತನ್ನ ಪ್ರತಿಸ್ಪರ್ಧಿಯ ಹೆಸರು ಕೆಡಿಸುವವನು ‘ಸಂಸ್ಥೆಯ ಹಿತಕ್ಕಾಗಿ’ ಎಂಬ ಪೀಠಿಕೆ ಹಾಕಿಯೇ ಶುರುಮಾಡುತ್ತಾನೆ. ನನ್ನ ಮಟ್ಟಿಗೆ ಇಬ್ಬರೂ ಸರಿ, ಆದರೆ ಇಬ್ಬರೂ ಆಡುವವರನ್ನೇ ಹೆಚ್ಚಾಗಿ ನೋಡಿದರು. ಮಾತು ಯಾವ ಕಡೆ ಹೊರಳುತ್ತದೆಂಬುದು ಬಹುಮಟ್ಟಿಗೆ ಕೇಳುವವರ ಕೈಯಲ್ಲಿದೆ.

ಇದಕ್ಕೆ ಒಳ್ಳೆಯ ಪುರಾವೆ ಒದಗಿಸಿದವರು ಡೋನಾ ಈಡರ್ ಮತ್ತು ಜಾನೆಟ್ ಎಂಕೆ. ಶಾಲಾಮಕ್ಕಳ ಗುಂಪುಗಳ ಮಾತನ್ನು ಧ್ವನಿಮುದ್ರಿಸಿ ಸಾಲು ಸಾಲಾಗಿ ಬಿಡಿಸಿದ ಅವರ ಅಧ್ಯಯನ 1991ರಲ್ಲಿ ಬಂತು. ಒಬ್ಬರು ಇನ್ನೊಬ್ಬರ ಬಗ್ಗೆ ಕೆಟ್ಟ ಮಾತೊಂದನ್ನು ತೆಗೆದಾಗ, ಮೊದಲು ಬಾಯಿಬಿಟ್ಟ ಕೇಳುಗ ಅದಕ್ಕೆ ಹೌದೆಂದರೆ, ಆಮೇಲೆ ಅದನ್ನು ವಿರೋಧಿಸುವವರು ಅಪರೂಪ; ಉಳಿದವರು ಒಂದಕ್ಕೊಂದು ಸೇರಿಸುತ್ತಾ ಹೋಗುತ್ತಾರೆ. ಆ ಮೊದಲ ಪ್ರತಿಕ್ರಿಯೆಯೇ ಆಕ್ಷೇಪವಾಗಿದ್ದರೆ ಮಾತಿನ ದಿಕ್ಕು ಬದಲಾಗುತ್ತದೆ. ದೊಡ್ಡವರಲ್ಲೂ ಇದನ್ನು ಸುಲಭವಾಗಿ ಗುರುತಿಸಬಹುದು. ಒಬ್ಬರು ಬಾಗಿಲ ಕಡೆ ಒಮ್ಮೆ ಕಣ್ಣಾಡಿಸಿ, ದನಿ ತಗ್ಗಿಸಿ, ‘ಈಚೆಗೆ ಅವರು ನಾಲ್ಕು ಗಂಟೆಗೇ ಹೊರಟುಬಿಡುತ್ತಾರಲ್ಲ’ ಎನ್ನುತ್ತಾರೆ. ಇದು ಇನ್ನೂ ತೀರ್ಪಲ್ಲ, ನೀರಿನ ಆಳ ನೋಡುವ ಕೋಲು. ಎದುರಿನವರು ಹುಬ್ಬೇರಿಸಿ ‘ಗಮನಿಸಿದ್ದೇನೆ’ ಎಂದರೆ ಅದು ಕೆಲಸಗಳ್ಳತನವಾಗುತ್ತದೆ. ‘ಅವರ ತಾಯಿಗೆ ಹುಷಾರಿಲ್ಲ ಅಂದಿದ್ದರು’ ಎಂದರೆ ಅದೇ ನಾಲ್ಕು ಗಂಟೆ ಕನಿಕರದ ವಿಷಯವಾಗುತ್ತದೆ. ಮೊದಲಿನವರೂ ‘ಪಾಪ, ಅದಕ್ಕೇ ಇರಬೇಕು’ ಎಂದು ಹಿಂದೆ ಸರಿಯಲು ಆಗ ದಾರಿ ಉಳಿದಿರುತ್ತದೆ. ಚಾಡಿಗೆ ಸುಲಭವಾಗಿ ಬೀಳುವವರನ್ನು ಹಿತ್ತಾಳೆ ಕಿವಿಯವರೆಂದು ಕರೆಯುವ ನಮ್ಮ ಭಾಷೆ ದೋಷವನ್ನು ಹೇಳಿದವನ ನಾಲಗೆಯಲ್ಲಿ ಮಾತ್ರವಲ್ಲ, ಕೇಳಿದವನ ಕಿವಿಯಲ್ಲೂ ಇಟ್ಟಿದೆ.

ಕೇಳುವವರು ಕಾಯಬೇಕಾದ ಇನ್ನೂ ಒಂದು ಸಣ್ಣ ಸಂಗತಿ ‘ಅಂತೆ’ ಎಂಬ ಪ್ರತ್ಯಯ. ‘ಬಿಡುತ್ತಾರಂತೆ’ ಎಂದಾಗ ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಷರಾ ವಾಕ್ಯಕ್ಕೇ ಅಂಟಿಕೊಂಡು ಬರುತ್ತದೆ. ಮಾತು ಎರಡು ಮೂರು ಬಾಯಿ ದಾಟುವಷ್ಟರಲ್ಲಿ ಮೊದಲು ಉದುರುವುದು ಅದೇ. ‘ಬಿಡುತ್ತಾರಂತೆ’ ‘ಬಿಡುತ್ತಾರೆ’ ಆಗುತ್ತದೆ, ಆಮೇಲೆ ‘ಬಿಡಿಸುತ್ತಿದ್ದಾರೆ’ ಆಗುತ್ತದೆ. ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1940ರ ದಶಕದಲ್ಲಿ ಚಿತ್ರವೊಂದರ ವಿವರಣೆಯನ್ನು ಬಾಯಿಂದ ಬಾಯಿಗೆ ದಾಟಿಸಿ ನೋಡಿದಾಗ, ಐದಾರು ಬಾಯಿ ದಾಟುವಷ್ಟರಲ್ಲಿ ಸುಮಾರು ಶೇಕಡಾ 70ರಷ್ಟು ವಿವರಗಳು ಕಳೆದುಹೋಗಿದ್ದವು, ಉಳಿದವು ಹೇಳುವವರ ಪೂರ್ವಗ್ರಹಕ್ಕೆ ತಕ್ಕಂತೆ ಮೊನಚಾಗಿದ್ದವು. ಇದು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಫ್ರಾನ್ಸಿನ ಒರ್ಲಿಯಾನ್ ನಗರದಲ್ಲಿ 1969ರ ಮೇ ತಿಂಗಳಲ್ಲಿ ಎದ್ದ ಗುಲ್ಲು ಸಾಕು: ಯಹೂದಿಗಳ ಬಟ್ಟೆ ಅಂಗಡಿಗಳಲ್ಲಿ ಉಡುಪು ಹಾಕಿ ನೋಡುವ ಕೋಣೆಗಳಿಂದ ಹುಡುಗಿಯರನ್ನು ಅಪಹರಿಸುತ್ತಾರೆ ಎಂಬ ಮಾತು ನಗರದ ತುಂಬ ಹಬ್ಬಿತು, ಅಂಗಡಿಗಳ ಮುಂದೆ ಜನ ಸೇರಿದರು; ಒಬ್ಬ ಹುಡುಗಿಯೂ ಕಾಣೆಯಾಗಿರಲಿಲ್ಲ. ಸಮಾಜಶಾಸ್ತ್ರಜ್ಞ ಎಡ್ಗರ್ ಮೊರೆನ್ ಸಂಗಡಿಗರೊಂದಿಗೆ ಅಲ್ಲಿಗೇ ಹೋಗಿ ಇದನ್ನು ಅಧ್ಯಯನ ಮಾಡಿದರು. ಇಂದು ಫೋನಿನ ಗುಂಪುಗಳಲ್ಲಿ ಫಾರ್ವರ್ಡ್ ಆಗುವ ಮಾತಿಗೆ ಇನ್ನೂ ಎರಡು ಕೊರತೆಗಳಿವೆ: ಹುಬ್ಬೇರಿಸಿ ತಡೆಯುವ ಆ ಮೊದಲ ಕೇಳುಗ ಎದುರಿಗಿರುವುದಿಲ್ಲ, ಮತ್ತು ಆಡಿದ್ದು ಗಾಳಿಯಲ್ಲಿ ಕರಗದೆ ಸ್ಕ್ರೀನ್‌ಶಾಟಾಗಿ ಉಳಿಯುತ್ತದೆ.

ಈಗ ನಿಮ್ಮ ವಿಷಯ. ಕಚೇರಿಯ ಹರಟೆಗೆ ಸೇರಿಕೊಳ್ಳಿ ಎಂದೇ ನನ್ನ ಸಲಹೆ, ಆದರೆ ತೆಗಳಿಕೆಯ ಬಾಗಿಲಿನಿಂದ ಒಳಹೋಗಬೇಡಿ. ಒಬ್ಬರನ್ನು ಇಬ್ಬರೂ ಒಲ್ಲೆವೆಂದು ತಿಳಿದಾಗ ಆ ಇಬ್ಬರ ನಡುವೆ ಬೇಗ ಸಲಿಗೆ ಬೆಳೆಯುತ್ತದೆಂದು ಪ್ರಯೋಗಗಳು ತೋರಿಸಿವೆ, ಹಾಗಾಗಿ ಅದು ಹತ್ತಿರದ ದಾರಿಯೇ; ಆದರೆ ಇತರರಿಗೆ ನಾವು ಅಂಟಿಸುವ ಗುಣವನ್ನು ಕೇಳುವವರು ಅರಿವಿಲ್ಲದೆ ನಮಗೇ ಅಂಟಿಸುತ್ತಾರೆ ಎಂಬುದೂ 1998ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಂಡುಬಂದಿದೆ. ಇನ್ನೊಬ್ಬರನ್ನು ಮೋಸಗಾರನೆಂದು ಕರೆಯುವವನು ಕೇಳಿದವರ ನೆನಪಿನಲ್ಲಿ ತಾನೂ ಅಷ್ಟಿಷ್ಟು ಮೋಸಗಾರನಾಗಿ ಉಳಿಯುತ್ತಾನೆ. ಸಾಲ ತೀರಿಸಲು ತೆಗಳಿಕೆಯೇ ಬೇಕಿಲ್ಲ. ನಿಮ್ಮ ಬಗ್ಗೆಯೇ ಒಂದು ಸಣ್ಣ ಮುಜುಗರದ ಸಂಗತಿ ಹೇಳಿಕೊಳ್ಳಿ, ಎದುರಿಗಿಲ್ಲದವರು ಮಾಡಿದ ಒಳ್ಳೆಯ ಕೆಲಸವೊಂದನ್ನು ಹೆಸರು ಹಿಡಿದು ಹೇಳಿ, ಮಾತು ಕಹಿಯಾಗುವಾಗ ‘ನೀವು ನೋಡಿದಿರಾ, ಕೇಳಿದಿರಾ’ ಎಂದು ಸಹಜವಾಗಿ ವಿಚಾರಿಸಿ. ಕೊನೆಯದನ್ನು ತನಿಖಾಧಿಕಾರಿಯ ದನಿಯಲ್ಲಿ ಕೇಳಿದರೆ ಮತ್ತೆ ಮೊದಲಿನ ಮೌನಕ್ಕೇ ಬಂದು ನಿಲ್ಲುತ್ತೀರಿ, ಎಚ್ಚರ.

ಆ ಹಿರಿಯರಿಗೆ ಹೇಳಬೇಕೇ ಎಂಬುದು, ಹೇಳಿದರೆ ಅವರು ಏನು ಮಾಡಬಲ್ಲರು ಎಂಬುದರ ಮೇಲೆ ನಿಂತಿದೆ. ಅವರ ಸಂಸಾರದ ಗುಟ್ಟಿನ ಬಗ್ಗೆ ಹಬ್ಬಿದ ಮಾತಾಗಿದ್ದರೆ ಹೇಳಬೇಡಿ ಎನ್ನುತ್ತಿದ್ದೆ, ಏಕೆಂದರೆ ನೋವನ್ನು ತಲುಪಿಸಿದಂತಾಗುತ್ತದೆಯೇ ಹೊರತು ಅವರ ಕೈಯಲ್ಲಿ ಮಾಡುವಂಥದ್ದೇನೂ ಇರುವುದಿಲ್ಲ. ಕೆಲಸ ಬಿಡುತ್ತಾರೆಂಬ ಮಾತು ಹಾಗಲ್ಲ. ಅದನ್ನು ನಂಬಿ ಯಾರೋ ಅವರಿಗೆ ಹೊಸ ಜವಾಬ್ದಾರಿ ಕೊಡದೆ ಹೋಗಬಹುದು, ಬಡ್ತಿಯ ಪಟ್ಟಿಯಿಂದ ಹೆಸರು ಬಿಡಬಹುದು, ಮತ್ತು ಅವರು ಒಂದು ವಾಕ್ಯದಿಂದ ಅದನ್ನು ಅಲ್ಲಗಳೆಯಬಲ್ಲರು. ಆದ್ದರಿಂದ ಹೇಳಿ, ಒಬ್ಬರೇ ಇದ್ದಾಗ ಹೇಳಿ. ‘ಹೀಗೊಂದು ಮಾತು ಓಡಾಡುತ್ತಿದೆ, ನಿಮಗೆ ತಿಳಿದಿರಲಿ ಎಂದು ಹೇಳಿದೆ’ ಎಂಬಷ್ಟೇ ಸಾಕು. ಯಾರು ಹೇಳಿದ್ದೆಂದು ಅವರು ಖಂಡಿತ ಕೇಳುತ್ತಾರೆ; ಹೆಸರು ಹೇಳಿದ ಕ್ಷಣ ನೀವು ತಂದ ಎಚ್ಚರಿಕೆ ಚಾಡಿಯಾಗುತ್ತದೆ, ಮತ್ತು ಅವರು ಮಾತನ್ನು ಸರಿಪಡಿಸುವ ಬದಲು ಆ ಹೆಸರಿನ ಬೆನ್ನು ಹತ್ತುತ್ತಾರೆ. ಮಾತು ಉಳಿದವರೆಲ್ಲರ ಬಾಯಲ್ಲೂ ಓಡಾಡುತ್ತಿದೆ ಎಂದು ನೀವೇ ಹೇಳಿರುವುದರಿಂದ, ಒಬ್ಬರ ಹೆಸರು ಹೇಳಲು ಬರುವುದಿಲ್ಲವೆಂಬುದು ನಿಮ್ಮ ಬಾಯಲ್ಲಿ ಸುಳ್ಳೂ ಆಗುವುದಿಲ್ಲ.